ಎಂಆರ್‌ಐ ವರದಿ ಕೈಗೆ ಬಂದ ಮೇಲೆ ಯಾರನ್ನು ಕೇಳಬೇಕು?

ಸಂಪಾದಕರಿಗೆ,

ಮಾನ್ಯರೇ,

ತೆಂಗಿನ ಮರದಿಂದ ಬಿದ್ದವರ, ಹುಣಸೆ ಬಡಿಯುವಾಗ ಕೊಂಬೆ ಮುರಿದು ನೆಲಕ್ಕೆ ಬಂದವರ, ಸರ್ವಿಸ್ ರಸ್ತೆಯಲ್ಲಿ ಬೈಕ್ ಜಾರಿ ಸೊಂಟಕ್ಕೆ ಪೆಟ್ಟು ಮಾಡಿಕೊಂಡವರ ಸುದ್ದಿ ತಮ್ಮ ಪತ್ರಿಕೆಯ ತುಮಕೂರು ಪುಟದಲ್ಲಿ ಆಗಾಗ ನಾಲ್ಕು ಸಾಲಿನಲ್ಲಿ ಬರುತ್ತದೆ. ಆಸ್ಪತ್ರೆಗೆ ದಾಖಲಿಸಲಾಗಿದೆ ಎಂಬಲ್ಲಿಗೆ ಆ ಸುದ್ದಿ ಮುಗಿಯುತ್ತದೆ. ಅವರ ಪಾಡು ಮಾತ್ರ ಅಲ್ಲಿಂದ ಶುರುವಾಗುತ್ತದೆ. ಕೆಲವು ದಿನಗಳಲ್ಲಿ ಅವರ ಕೈಗೆ ಬೆನ್ನುಮೂಳೆಯ ಎಂಆರ್‌ಐ ವರದಿಯೊಂದು ಬರುತ್ತದೆ. ಅದರಲ್ಲಿ ಯಾವ ಸಾಲು ಮುಖ್ಯ, ಯಾವ ಸಾಲನ್ನು ಓದಿ ಬಿಡಬಹುದು ಎಂದು ಹೇಳುವವರು ಮಾತ್ರ ಸಿಗುವುದಿಲ್ಲ. ಈ ಕೊರತೆಯ ಬಗ್ಗೆ ಜಿಲ್ಲೆಯ ಆರೋಗ್ಯ ಇಲಾಖೆಯ ಗಮನ ಸೆಳೆಯುವುದಕ್ಕೂ, ವರದಿ ಹಿಡಿದು ಕುಳಿತಿರುವ ಓದುಗರಿಗೆ ನನಗೆ ತಿಳಿದಷ್ಟನ್ನು ತಿಳಿಸುವುದಕ್ಕೂ ಈ ಪತ್ರ ಬರೆಯುತ್ತಿದ್ದೇನೆ.

ನಾನು ವೈದ್ಯನಲ್ಲ. ಸರ್ಕಾರಿ ಆಸ್ಪತ್ರೆಗಳ ಎಕ್ಸ್-ರೇ ವಿಭಾಗದಲ್ಲಿ ತಂತ್ರಜ್ಞನಾಗಿ ದುಡಿದು ನಿವೃತ್ತನಾಗಿ ತಿಪಟೂರಿನಲ್ಲಿ ನೆಲೆಸಿದ್ದೇನೆ. ಆ ಹಳೆಯ ಪರಿಚಯದ ಮೇಲೆ ಸುತ್ತಲ ಹಳ್ಳಿಯವರು ಈಗಲೂ ಫಿಲಂ ಕವರ್ ಹಿಡಿದು ಮನೆ ಬಾಗಿಲಿಗೆ ಬರುತ್ತಾರೆ. ಚಿಕಿತ್ಸೆ ಹೇಳುವ ಅಧಿಕಾರ ನನಗಿಲ್ಲ, ಹೇಳುವುದೂ ಇಲ್ಲ. ವರದಿಯಲ್ಲಿ ಏನು ಬರೆದಿದೆ, ಅದನ್ನು ಯಾರಿಗೆ ಎಷ್ಟು ಬೇಗ ತೋರಿಸಬೇಕು ಎಂಬುದನ್ನಷ್ಟೇ ಹೇಳಿ ಕಳಿಸುತ್ತೇನೆ.

ಬಹುತೇಕ ಕಡೆ ನಡೆಯುವುದು ಹೀಗೆ. ಬೆಳಿಗ್ಗೆ ಜಿಲ್ಲಾ ಕೇಂದ್ರದ ಯಾವುದೋ ಸ್ಕ್ಯಾನಿಂಗ್ ಸೆಂಟರಿನಲ್ಲಿ ಸ್ಕ್ಯಾನ್ ಆಗುತ್ತದೆ, ಸಂಜೆಗೆ ದೊಡ್ಡ ಕವರು ಕೈಗೆ ಬರುತ್ತದೆ, ಅಷ್ಟರೊಳಗೆ ವರದಿಯ ಪ್ರತಿ ಮಗನ ವಾಟ್ಸ್ಆ್ಯಪ್‌ಗೂ ಬಂದಿರುತ್ತದೆ. ಬರೆದುಕೊಟ್ಟ ವೈದ್ಯರು ಸಿಗುವುದು ಮುಂದಿನ ವಾರ. ನಡುವಿನ ಆ ದಿನಗಳಲ್ಲಿ ಮನೆಯವರು ವರದಿಯ ಒಂದೊಂದು ಪದವನ್ನೂ ಫೋನಿನಲ್ಲಿ ಹುಡುಕುತ್ತಾರೆ, ನೆಂಟರು ಆಪರೇಷನ್ ಆಗಿ ಏಳಲಾರದೆ ಹೋದವರ ಕಥೆ ಹೇಳುತ್ತಾರೆ, ಇನ್ನೊಬ್ಬರು ನಾಟಿ ವೈದ್ಯರ ಬಳಿ ಪಟ್ಟು ಹಾಕಿಸಲು ಕರೆದೊಯ್ಯುತ್ತಾರೆ. ವೈದ್ಯರನ್ನು ಕಾಣುವ ಹೊತ್ತಿಗೆ ಸೀಮೆಹಸು ಮಾರಿ ಹಣ ಹೊಂದಿಸಿಕೊಂಡು ಆಪರೇಷನ್‌ಗೆ ಸಿದ್ಧರಾಗಿ ಬಂದವರನ್ನು ನಾನು ಕಂಡಿದ್ದೇನೆ. ವೈದ್ಯರು ಫಿಲಂ ನೋಡಿ, ಕಾಲು ಎತ್ತಿಸಿ ನೋಡಿ, ಆಪರೇಷನ್ ಬೇಡ ಎಂದಾಗ ಅವರಿಗೆ ಸಮಾಧಾನವಾಗುವ ಬದಲು ಅನುಮಾನವೇ ಹೆಚ್ಚಾಗಿ ಮತ್ತೊಬ್ಬ ವೈದ್ಯರನ್ನು ಹುಡುಕಿಕೊಂಡು ಹೋದದ್ದೂ ಉಂಟು.

ತೆಂಗಿನ ಮರ ಹತ್ತುವ ಕೆಲಸದ ಒಬ್ಬರ ವರದಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅವರು ಮರದಿಂದ ಜಾರಿ ಕುಂಡೆ ಊರಿ ಬಿದ್ದಿದ್ದರು. ಎಕ್ಸ್-ರೇ ತೆಗೆಸಿ, ನೋವು ಕಡಿಮೆಯಾಗದ್ದರಿಂದ ಎಂಆರ್‌ಐ ಮಾಡಿಸಿದ್ದರು. ವರದಿಯ ಐದು ಸಾಲುಗಳ ಕೆಳಗೆ ಯಾರೋ ಕೆಂಪು ಪೆನ್ನಿನಲ್ಲಿ ಗೀಟು ಎಳೆದಿದ್ದರು. "ಸಾ, ಐದು ಕಡೆ ಡಿಸ್ಕ್ ಹೋಗೈತಂತೆ, ಇನ್ನು ಮರ ಹತ್ತೋದು ಇರಲಿ, ಎದ್ದು ಓಡಾಡೋಕೂ ಆಗಲ್ಲ ಅಂದ್ರು" ಎಂದರು. ಗೀಟು ಎಳೆದ ಸಾಲುಗಳಲ್ಲಿ ಇದ್ದದ್ದು ಎಲ್1-ಎಲ್2ರಿಂದ ಎಲ್5-ಎಸ್1ವರೆಗೆ (ಎಲ್ ಎಂದರೆ ಸೊಂಟದ ಬೆನ್ನೆಲುಬಿನ ಮೂಳೆ, ಎಸ್ ಎಂದರೆ ಅದರ ಕೆಳಗಿನ ತ್ರಿಕಾಸ್ಥಿ) ಡಿಫ್ಯೂಸ್ ಡಿಸ್ಕ್ ಬಲ್ಜ್, ಡಿಸ್ಕ್ ಡೆಸಿಕೇಷನ್, ಥೀಕಲ್ ಸ್ಯಾಕ್ ಇಂಡೆಂಟೇಷನ್ (ನರಗಳ ಚೀಲದ ಮೇಲೆ ಒತ್ತಿದ ಗುರುತು) ಎಂಬಂಥ ಮಾತುಗಳು. ಗೀಟು ಬೀಳದ ಒಂದು ಸಾಲು ಮೇಲೆ ಇತ್ತು: ಎಲ್1 ಮೂಳೆಯ ಮುಂಭಾಗ ಕುಸಿದಿದೆ, ಎಸ್‌ಟಿಐಆರ್ ಎಂಬ ಬಗೆಯ ಚಿತ್ರದಲ್ಲಿ ಮಜ್ಜೆ ಬಿಳುಪಾಗಿ ಕಾಣುತ್ತಿದೆ, ಹಿಂಬದಿಯ ಲಿಗಮೆಂಟ್‌ಗಳು (ಮೂಳೆಗಳನ್ನು ಕಟ್ಟಿಹಿಡಿಯುವ ನಾರುಗಳು) ಸರಿಯಾಗಿವೆ, ಮೂಳೆಯ ಚೂರು ಬೆನ್ನುಹುರಿಯ ನಾಳದೊಳಗೆ ಬಂದಿಲ್ಲ. ಅವರ ಬೀಳುವಿಕೆಗೆ ಸಂಬಂಧಪಟ್ಟದ್ದು ಆ ಒಂದು ಸಾಲು. ಅವರು ಹೆದರಿದ್ದು ಉಳಿದ ಐದಕ್ಕೆ.

ಎತ್ತರದಿಂದ ಬಿದ್ದವರಲ್ಲಿ ಮೂಳೆ ಹೆಚ್ಚಾಗಿ ಮುರಿಯುವ ಜಾಗ ಎದೆಯ ಬೆನ್ನೆಲುಬು ಮುಗಿದು ಸೊಂಟದ ಬೆನ್ನೆಲುಬು ಆರಂಭವಾಗುವ ಕಡೆ, ಅಂದರೆ ಟಿ12 ಮತ್ತು ಎಲ್1ರ ಸುತ್ತಮುತ್ತ. ಪಕ್ಕೆಲುಬುಗಳ ಬಿಗಿಯಲ್ಲಿರುವ ಮೇಲ್ಭಾಗಕ್ಕೂ ಸಲೀಸಾಗಿ ಬಾಗುವ ಕೆಳಭಾಗಕ್ಕೂ ನಡುವಿನ ಆ ಸಂಧಿಯಲ್ಲೇ ಪೆಟ್ಟಿನ ಭಾರ ಕೂಡುತ್ತದೆ. ಕಾಲೂರಿ ಬಿದ್ದವರಲ್ಲಿ ಹಿಮ್ಮಡಿ ಮೂಳೆ ಮುರಿದಿದ್ದರೆ ಬೆನ್ನನ್ನೂ ಪರೀಕ್ಷಿಸಬೇಕೆಂದು ನಮಗೆ ಕಲಿಸಿದ್ದು ಇದಕ್ಕೇ. ಮುರಿತವನ್ನು ಎಕ್ಸ್-ರೇ ಮತ್ತು ಸಿಟಿ ಸ್ಕ್ಯಾನ್ ತೋರಿಸುತ್ತವೆ. ಮೂಳೆಯ ಆಕಾರವನ್ನು ನೋಡಲು ಸಿಟಿಯೇ ಮೇಲು. ಎಂಆರ್‌ಐ ಬೇಕಾಗುವುದು ಬೆನ್ನುಹುರಿ, ನರ, ಡಿಸ್ಕ್, ಲಿಗಮೆಂಟ್ ಮತ್ತು ಮೂಳೆಯೊಳಗಿನ ಮಜ್ಜೆಯನ್ನು ನೋಡುವುದಕ್ಕೆ. ಇದರಲ್ಲಿ ಎಕ್ಸ್-ರೇ ಕಿರಣ ಇರುವುದಿಲ್ಲ, ಅಯಸ್ಕಾಂತ ಮತ್ತು ರೇಡಿಯೋ ಅಲೆಗಳಿಂದ ದೇಹದೊಳಗಿನ ನೀರು ಮತ್ತು ಕೊಬ್ಬಿನ ಜಲಜನಕದ ಸುಳಿವು ಹಿಡಿಯಲಾಗುತ್ತದೆ. ಟಿ1, ಟಿ2 ಎಂಬುವು ಇಲ್ಲಿ ಮೂಳೆಯ ಹೆಸರಲ್ಲ, ಚಿತ್ರ ತೆಗೆಯುವ ಬಗೆಗಳು. ಟಿ1 ಚಿತ್ರದಲ್ಲಿ ಕೊಬ್ಬು ಬಿಳಿ, ನೀರು ಕಪ್ಪು. ಟಿ2ರಲ್ಲಿ ನೀರು ಬಿಳಿ. ಎಸ್‌ಟಿಐಆರ್‌ನಲ್ಲಿ ಕೊಬ್ಬಿನ ಬಿಳುಪನ್ನು ಅಡಗಿಸುವುದರಿಂದ ಮಜ್ಜೆಯಲ್ಲಿ ಊತದ ನೀರು ತುಂಬಿದ್ದರೆ ಅದು ಎದ್ದು ಕಾಣುತ್ತದೆ.

ಈ ಕೊನೆಯ ಮಾತನ್ನು ಬಿದ್ದು ಪೆಟ್ಟಾದವರು ಮರೆಯಬಾರದು. ಮುರಿತ ಹೊಸದೋ ಹಳೆಯದೋ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಇದೇ. ಹೊಸ ಮುರಿತದಲ್ಲಿ ಮಜ್ಜೆ ಟಿ1ರಲ್ಲಿ ಕಪ್ಪಾಗಿ, ಎಸ್‌ಟಿಐಆರ್‌ನಲ್ಲಿ ಬಿಳುಪಾಗಿ ಕಾಣುತ್ತದೆ. ವರ್ಷಗಳ ಹಿಂದೆ ಕುಸಿದು ಕೂಡಿಕೊಂಡ ಮೂಳೆ ಆಕಾರದಲ್ಲಿ ಚಪ್ಪಟೆಯಾಗಿದ್ದರೂ ಬಣ್ಣದಲ್ಲಿ ಅಕ್ಕಪಕ್ಕದ ಮೂಳೆಗಳಂತೆಯೇ ಇರುತ್ತದೆ. ವಯಸ್ಸಾದ ಹೆಂಗಸರಲ್ಲಿ ಮೂಳೆ ಸವೆದು ತಾನಾಗಿ ಕುಸಿದಿರುವುದು ಸಾಮಾನ್ಯವಾದ್ದರಿಂದ ನಿನ್ನೆ ಬಚ್ಚಲಲ್ಲಿ ಜಾರಿದ ಅಜ್ಜಿಯ ವರದಿಯಲ್ಲಿ ಕುಸಿತ ಕಂಡರೆ ಅದು ನಿನ್ನೆಯದೇ ಎಂದು ತಿಳಿಯಬೇಕಾಗಿಲ್ಲ. ಅಪಘಾತ ಪರಿಹಾರದ ದಾವೆ ಹೂಡುವವರಿಗೂ, ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಮಾಡಿಸಿರುವ ಮರ ಹತ್ತುವವರಿಗೂ ಇದು ಕಾಗದದ ಮಟ್ಟದಲ್ಲಿಯೂ ಮುಖ್ಯವಾಗುತ್ತದೆ. ವರದಿಯಲ್ಲಿ ಡಿಜೆನರೇಟಿವ್ (ಸವೆತದಿಂದ ಆದದ್ದು) ಎಂಬ ಪದ ಕಂಡೊಡನೆ ಇದು ಹಳೆಯ ಕಾಯಿಲೆ ಎಂದು ಎದುರು ಕಡೆಯ ವಕೀಲರು ವಾದಿಸುವುದು ಹೊಸತೇನಲ್ಲ. ಒಂದೇ ಬೆನ್ನಿನಲ್ಲಿ ಹಳೆಯ ಸವೆತವೂ ಹೊಸ ಮುರಿತವೂ ಒಟ್ಟಿಗೆ ಇರಬಹುದು, ಅದನ್ನು ವರದಿಯಲ್ಲಿ ಬೇರೆ ಬೇರೆಯಾಗಿ ಬರೆಸಿಕೊಳ್ಳಬೇಕು. ಸ್ಕ್ಯಾನ್‌ಗೆ ಮಲಗುವ ಮೊದಲೇ ಯಾವತ್ತು, ಎಷ್ಟು ಎತ್ತರದಿಂದ, ಹೇಗೆ ಬಿದ್ದದ್ದು, ಈಗ ಎಲ್ಲಿ ನೋವು ಎಂದು ಅಲ್ಲಿಯ ಫಾರಂನಲ್ಲಿ ಸರಿಯಾಗಿ ತುಂಬಿಸಿದರೆ ಚಿತ್ರ ನೋಡಿ ವರದಿ ಬರೆಯುವ ವೈದ್ಯರು, ಅಂದರೆ ರೇಡಿಯಾಲಜಿಸ್ಟ್, ಆ ಜಾಗವನ್ನು ವಿಶೇಷವಾಗಿ ನೋಡುತ್ತಾರೆ. ಫಾರಂನಲ್ಲಿ "ಬೆನ್ನು ನೋವು" ಎಂದಷ್ಟೇ ಬರೆದಿದ್ದರೆ ವರದಿಯೂ ಅಷ್ಟಕ್ಕೆ ತಕ್ಕಂತೆ ಬರುತ್ತದೆ.

ಇನ್ನು ಕೆಂಪು ಗೀಟು ಬಿದ್ದ ಸಾಲುಗಳ ಮಾತು. ಎರಡು ಮೂಳೆಗಳ ನಡುವಿನ ಡಿಸ್ಕ್‌ಗೆ ಹೊರಗೆ ಗಟ್ಟಿ ನಾರಿನ ಉಂಗುರ, ಒಳಗೆ ನೀರು ತುಂಬಿದ ಮೆತ್ತನೆಯ ತಿರುಳು ಇರುತ್ತದೆ. ವಯಸ್ಸಾದಂತೆ ತಿರುಳಿನ ನೀರು ಕಡಿಮೆಯಾಗುತ್ತ ಟಿ2 ಚಿತ್ರದಲ್ಲಿ ಡಿಸ್ಕ್ ಕಪ್ಪಾಗುತ್ತದೆ, ಎತ್ತರ ಸ್ವಲ್ಪ ತಗ್ಗುತ್ತದೆ, ಅಂಚು ಸುತ್ತಲೂ ತುಸು ಉಬ್ಬುತ್ತದೆ. ಡೆಸಿಕೇಷನ್, ರಿಡ್ಯೂಸ್ಡ್ ಹೈಟ್, ಬಲ್ಜ್ ಎಂದು ವರದಿ ಹೇಳುವುದು ಇದನ್ನೇ; ನಮ್ಮ ಜನ "ಗ್ಯಾಪ್ ಬಂದೈತೆ" ಎನ್ನುವುದೂ ಹೆಚ್ಚಾಗಿ ಇದನ್ನೇ, ನಿಜವಾಗಿ ಅಲ್ಲಿ ಅಂತರ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ನಮ್ಮ ಕಡೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ತೆಂಗಿನಕಾಯಿಯಲ್ಲಿ ನೀರು ತಾನಾಗಿ ಇಂಗಿ ಕೊಬ್ಬರಿಯಾಗುವುದನ್ನು ಕಂಡವರಿಗೆ ಡಿಸ್ಕ್ ಒಣಗುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ನೀರಿಲ್ಲದ ಕಾಯಿಯನ್ನು ಯಾರೂ ಕೆಟ್ಟ ಕಾಯಿ ಎನ್ನುವುದಿಲ್ಲ.

ಇದು ನನ್ನ ಸಮಾಧಾನದ ಮಾತಲ್ಲ. ಬೆನ್ನು ನೋವೇ ಇಲ್ಲದ 98 ಜನರ ಎಂಆರ್‌ಐ ತೆಗೆದು ನೋಡಿದ ಅಮೆರಿಕದ ಅಧ್ಯಯನವೊಂದು 1994ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 52ರಷ್ಟು ಜನರಿಗೆ ಒಂದಾದರೂ ಕಡೆ ಬಲ್ಜ್ ಇತ್ತು, ಶೇ 27ರಷ್ಟು ಜನರಿಗೆ ಪ್ರೊಟ್ರೂಷನ್ ಇತ್ತು. ಎಕ್ಸ್‌ಟ್ರೂಷನ್ ಇದ್ದದ್ದು ಶೇ 1ರಷ್ಟು ಜನರಿಗೆ ಮಾತ್ರ. 2015ರಲ್ಲಿ ಇಂಥ 33 ಅಧ್ಯಯನಗಳನ್ನು, ನೋವಿಲ್ಲದ ಒಟ್ಟು 3,110 ಜನರ ಚಿತ್ರಗಳನ್ನು, ಒಟ್ಟುಗೂಡಿಸಿ ನೋಡಿದಾಗ ಡಿಸ್ಕ್ ಸವೆತ 20ರ ವಯಸ್ಸಿನವರಲ್ಲಿ ಶೇ 37, 80ರ ವಯಸ್ಸಿನವರಲ್ಲಿ ಶೇ 96 ಎಂದು ಕಂಡುಬಂತು. 40ರ ವಯಸ್ಸಿನಲ್ಲಿ ಬಲ್ಜ್ ಅರ್ಧದಷ್ಟು ಜನರಲ್ಲಿತ್ತು. ಅಂದರೆ ಮರ ಹತ್ತುವ ನಮ್ಮ ನಡುವಯಸ್ಸಿನ ವ್ಯಕ್ತಿ ಬೀಳುವ ಮುನ್ನಾದಿನವೇ ಸ್ಕ್ಯಾನ್ ಮಾಡಿಸಿದ್ದರೂ ಆ ಸಾಲುಗಳು ಬಹುಪಾಲು ಹಾಗೇ ಇರುತ್ತಿದ್ದವು ಎಂದು ಅವರಿಗೆ ಹೇಳಿದೆ. ನಂಬುವುದಕ್ಕೆ ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಅಷ್ಟು ಮಾತ್ರಕ್ಕೆ ಡಿಸ್ಕ್‌ನ ಎಲ್ಲ ಮಾತನ್ನೂ ತಳ್ಳಿಹಾಕಬಾರದು. ಬಲ್ಜ್ ಎಂದರೆ ಸುತ್ತಲೂ ಹರಡಿದ ಉಬ್ಬು. ಪ್ರೊಟ್ರೂಷನ್ ಎಂದರೆ ಒಂದು ಕಡೆಗೆ ಚಾಚಿಕೊಂಡದ್ದು. ಎಕ್ಸ್‌ಟ್ರೂಷನ್ ಎಂದರೆ ಉಂಗುರವನ್ನು ಹರಿದು ತಿರುಳು ಹೊರಬಂದದ್ದು, ಸೀಕ್ವೆಸ್ಟ್ರೇಷನ್ ಎಂದರೆ ಆ ಹೊರಬಂದ ತುಂಡು ಡಿಸ್ಕ್‌ನಿಂದಲೇ ಬೇರ್ಪಟ್ಟದ್ದು. ಕೊನೆಯ ಎರಡು ಓದಲು ಭಯಂಕರವಾಗಿದ್ದರೂ ವಿಚಿತ್ರವೆಂದರೆ ಕಾಲಕ್ರಮದಲ್ಲಿ ದೇಹವೇ ಕರಗಿಸಿಕೊಳ್ಳುವ ಸಾಧ್ಯತೆ ಹೆಚ್ಚಿರುವುದೂ ಅವುಗಳದ್ದೇ. ಬರಿಯ ಬಲ್ಜ್ ಮಾತ್ರ ಹೆಚ್ಚಾಗಿ ಇದ್ದಲ್ಲೇ ಇರುತ್ತದೆ. ಕಾಲಿಗೆ ಸೆಳೆತದ ನೋವು ತೀವ್ರವಾಗಿದ್ದ 283 ಜನರನ್ನು ನೆದರ್ಲೆಂಡ್ಸ್‌ನಲ್ಲಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬೇಗ ಆಪರೇಷನ್ ಮಾಡಿ, ಇನ್ನೊಂದು ಗುಂಪನ್ನು ಔಷಧ ಮತ್ತು ಫಿಸಿಯೋಥೆರಪಿಯಲ್ಲಿ ಕಾಯಿಸಿ, ಬೇಕಾದವರಿಗಷ್ಟೇ ಆಮೇಲೆ ಆಪರೇಷನ್ ಮಾಡಿ ನೋಡಿದರು. 2007ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಬೇಗ ಆಪರೇಷನ್ ಆದವರ ನೋವು ಬೇಗ ಇಳಿಯಿತು. ಒಂದು ವರ್ಷದ ಹೊತ್ತಿಗೆ ಎರಡೂ ಗುಂಪಿನಲ್ಲಿ ಶೇ 95ರಷ್ಟು ಜನ ಚೇತರಿಸಿಕೊಂಡಿದ್ದರು. ಕಾಯಿಸಿದ ಗುಂಪಿನಲ್ಲಿ ಶೇ 39ರಷ್ಟು ಜನರಿಗೆ ಕಡೆಗೆ ಆಪರೇಷನ್ ಬೇಕಾಯಿತು ಎಂಬುದನ್ನೂ ಹೇಳಬೇಕು. ದಿನಗೂಲಿಯವರಿಗೆ ಬೇಗ ಕೆಲಸಕ್ಕೆ ಮರಳುವುದೇ ದೊಡ್ಡದಾಗಿರಬಹುದು, ಇನ್ನೊಬ್ಬರಿಗೆ ಕತ್ತಿ ತಾಗಿಸಿಕೊಳ್ಳದಿರುವುದೇ ದೊಡ್ಡದಾಗಿರಬಹುದು. ಇದು ವೈದ್ಯರೊಂದಿಗೆ ಕುಳಿತು ತೀರ್ಮಾನಿಸುವ ವಿಷಯ, ವರದಿಯ ಪದ ನೋಡಿ ತೀರ್ಮಾನಿಸುವುದಲ್ಲ.

ವರದಿಯ ಕೊನೆಯಲ್ಲಿ ಕ್ಲಿನಿಕಲ್ ಕೋರಿಲೇಷನ್ ಮಾಡಿಕೊಳ್ಳಿ ಎಂಬ ಸಾಲೊಂದು ಇರುತ್ತದೆ. ರೋಗಿಗಳು ಇದನ್ನು ಸಹಿಯ ಮುಂಚಿನ ಶಿಷ್ಟಾಚಾರವೆಂದು ಬಿಡುತ್ತಾರೆ. ನನ್ನ ಅನುಭವದಲ್ಲಿ ಇಡೀ ವರದಿಯ ಅತಿ ಪ್ರಾಮಾಣಿಕ ಸಾಲು ಅದೇ. ರೇಡಿಯಾಲಜಿಸ್ಟ್ ರೋಗಿಯನ್ನು ಮುಟ್ಟಿ ನೋಡಿರುವುದಿಲ್ಲ, ಚಿತ್ರವನ್ನಷ್ಟೇ ನೋಡಿರುತ್ತಾರೆ. ಚಿತ್ರದಲ್ಲಿ ಕಂಡದ್ದು ದೇಹದ ದೂರಿಗೆ ಹೊಂದುತ್ತದೆಯೇ ಎಂದು ತಾಳೆ ನೋಡುವ ಕೆಲಸ ಎದುರು ಕೂತ ವೈದ್ಯರದ್ದು. ಎಲ್4-ಎಲ್5 ಡಿಸ್ಕ್ ಸಾಮಾನ್ಯವಾಗಿ ಒತ್ತುವುದು ಎಲ್5 ನರವನ್ನು, ಆಗ ಪಾದದ ಮೇಲ್ಭಾಗ ಜೋಮು ಹಿಡಿದು ಹೆಬ್ಬೆರಳನ್ನು ಮೇಲಕ್ಕೆ ಎತ್ತುವ ಶಕ್ತಿ ಕಡಿಮೆಯಾಗುತ್ತದೆ. ಎಲ್5-ಎಸ್1 ಡಿಸ್ಕ್ ಒತ್ತಿದರೆ ಪಾದದ ಹೊರ ಅಂಚು ಜೋಮು, ತುದಿಗಾಲಲ್ಲಿ ನಿಲ್ಲುವುದು ಕಷ್ಟ. ಚಿತ್ರದಲ್ಲಿ ಎಡಗಡೆ ಒತ್ತಡವಿದ್ದು ನೋವು ಬಲಗಾಲಿನಲ್ಲಿದ್ದರೆ ಆ ಒತ್ತಡ ಈ ನೋವಿನ ಕಾರಣವಾಗಿರುವುದು ಕಷ್ಟ. ಹಿಮ್ಮಡಿಯಲ್ಲಿ, ತುದಿಗಾಲಲ್ಲಿ ನಡೆಸಿ ನೋಡದೆ, ಮಂಡಿಗೆ ಸುತ್ತಿಗೆ ತಾಗಿಸಿ ನೋಡದೆ ಬರಿಯ ಫಿಲಂ ನೋಡಿ ಆಪರೇಷನ್ ದಿನಾಂಕ ಕೊಟ್ಟರೆ ಮತ್ತೊಬ್ಬ ವೈದ್ಯರ ಅಭಿಪ್ರಾಯ ಕೇಳುವುದರಲ್ಲಿ ತಪ್ಪಿಲ್ಲ. ಹಾಗೆ ಕೇಳಲು ಬೆಂಗಳೂರಿನ ನಿಮ್ಹಾನ್ಸ್‌ಗೋ ಸಂಜಯ್ ಗಾಂಧಿ ಆಸ್ಪತ್ರೆಗೋ ಹೋಗುವವರು ಫಿಲಂ ಜೊತೆಗೆ ಸಿಡಿಯನ್ನೂ ಕೇಳಿ ಪಡೆದುಕೊಂಡು ಹೋಗಲಿ; ಫಿಲಂನಲ್ಲಿ ಆರಿಸಿದ ಚಿತ್ರಗಳಷ್ಟೇ ಇರುತ್ತವೆ, ಸಿಡಿಯಲ್ಲಿ ಎಲ್ಲವೂ ಇರುತ್ತವೆ.

ಬಿಡಿಯಾಗಿ ಓದಿದರೆ ಹೆದರಿಸುವ ಇನ್ನೂ ಕೆಲವು ಪದಗಳಿವೆ. ಹೀಮ್ಯಾಂಜಿಯೋಮಾ ಎಂಬುದನ್ನು ಗಡ್ಡೆ ಎಂದು ಹುಡುಕಿಕೊಂಡು ಅತ್ತವರಿದ್ದಾರೆ. ಬೆನ್ನುಮೂಳೆಯಲ್ಲಿ ಆಕಸ್ಮಿಕವಾಗಿ ಕಾಣುವ ಈ ರಕ್ತನಾಳಗಳ ಗುಚ್ಛ ಬಹುಪಾಲು ಜೀವನಪೂರ್ತಿ ಏನೂ ಮಾಡುವುದಿಲ್ಲ. ಲಾಸ್ ಆಫ್ ಲಾರ್ಡೋಸಿಸ್ ಎಂದರೆ ಸೊಂಟದ ಸಹಜ ಬಾಗು ನೆಟ್ಟಗಾಗಿದೆ ಎಂದು. ನೋವಿನಿಂದ ಸ್ನಾಯು ಬಿಗಿದುಕೊಂಡರೂ, ಯಂತ್ರದಲ್ಲಿ ಮಂಡಿಯ ಕೆಳಗೆ ದಿಂಬಿಟ್ಟು ಮಲಗಿಸಿದರೂ ಅದು ಹಾಗೆ ಕಾಣಬಹುದು. ಆಸ್ಟಿಯೋಫೈಟ್ (ಮೂಳೆಯ ಅಂಚಿನಲ್ಲಿ ಬೆಳೆದ ಮುಳ್ಳು), ಶ್ಮೋರ್ಲ್ಸ್ ನೋಡ್‌ಗಳ (ಡಿಸ್ಕ್ ಮೂಳೆಯೊಳಗೆ ಒತ್ತಿ ಆದ ಗುಳಿ) ಬಗ್ಗೆಯೂ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬೆನ್ನುಹುರಿ ನಾಳದ ಅಗಲವನ್ನು ಮಿಲಿಮೀಟರಿನಲ್ಲಿ ಕೊಡುವ ಕೋಷ್ಟಕವೊಂದು ಕೆಲವು ವರದಿಗಳಲ್ಲಿ ಇರುತ್ತದೆ. ಅದರ ಅಂಕಿಗಳನ್ನು ಪರೀಕ್ಷೆಯ ಅಂಕಪಟ್ಟಿಯೆಂದು ಓದಿ ಕೊರಗುವವರು ಗಮನಿಸಬೇಕಾದದ್ದು, ಸಿವಿಯರ್ ಸ್ಟೆನೋಸಿಸ್ (ನಾಳ ತೀರಾ ಕಿರಿದಾಗಿರುವುದು), ಕಾರ್ಡ್ ಕಂಪ್ರೆಷನ್ (ಬೆನ್ನುಹುರಿಯ ಮೇಲೆ ಒತ್ತಡ), ಕಾರ್ಡ್ ಎಡಿಮಾ (ಬೆನ್ನುಹುರಿಯ ಊತ), ಕಾಡಾ ಈಕ್ವೈನಾ ಕಂಪ್ರೆಷನ್ (ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲಿನ ಮೇಲೆ ಒತ್ತಡ) ಎಂಬ ಮಾತು ವರದಿಯ ಕೊನೆಯ ಸಾರಾಂಶವಾದ ಇಂಪ್ರೆಷನ್ ಭಾಗದಲ್ಲಿ ಬಂದಿದೆಯೇ ಎಂಬುದನ್ನು. ಬಂದಿದ್ದರೆ ಮುಂದಿನ ವಾರದ ಅಪಾಯಿಂಟ್‌ಮೆಂಟ್ ಕಾಯಬಾರದು.

ವರದಿಯಲ್ಲಿ ಏನೇ ಇರಲಿ ಇಲ್ಲದಿರಲಿ, ಮಲ ಮೂತ್ರದ ಜಾಗದ ಸುತ್ತ ಸ್ಪರ್ಶ ತಿಳಿಯದಂತಾದರೆ, ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋದರೆ, ಕಾಲಿನ ಬಲ ದಿನದಿಂದ ದಿನಕ್ಕೆ ಕುಂದುತ್ತಿದ್ದರೆ ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಬೇಕು. ಇಲ್ಲಿ ಗಂಟೆಗಳ ಲೆಕ್ಕ. ಹೆಂಗಸರು ಈ ಮಾತನ್ನು ನಾಚಿಕೆಯಿಂದ ಹೇಳದೆ ಉಳಿಸಿಕೊಳ್ಳುವುದನ್ನು ನೋಡಿದ್ದೇನೆ. ವೈದ್ಯರೇ ಕೇಳಬೇಕು, ಮನೆಯವರೂ ಕೇಳಬೇಕು. ಮರದಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತಿ ಆಟೋದಲ್ಲಿ ಕೂರಿಸಿಕೊಂಡು ಬರುವ ಅಭ್ಯಾಸವೂ ಹೋಗಬೇಕು. ಕುತ್ತಿಗೆ, ಬೆನ್ನು ಅಲುಗದಂತೆ ನಾಲ್ಕಾರು ಜನ ಸೇರಿ ಹಲಗೆಯ ಮೇಲೆ ಸರಿಸಿ 108ಕ್ಕೆ ಕರೆ ಮಾಡುವುದೇ ಕ್ಷೇಮ. ಬೀಳುವಾಗ ಉಳಿದಿದ್ದ ಬೆನ್ನುಹುರಿ ಎತ್ತುವಾಗ ಹೋಗಬಹುದು.

ನಮ್ಮ ಭಾಗಕ್ಕೆ ವಿಶೇಷವಾದ ಒಂದು ವಿಷಯವನ್ನು ಇಲ್ಲಿ ಸೇರಿಸಲೇಬೇಕು. ಬಿದ್ದದ್ದು ನೆಪವಾಗಿ ಸ್ಕ್ಯಾನ್ ಆಗಿ, ಬೀಳುವುದಕ್ಕೆ ಸಂಬಂಧವೇ ಇಲ್ಲದ ಕಾಯಿಲೆ ಹೊರಬರುವುದುಂಟು. ಪಾವಗಡ, ಬಾಗೇಪಲ್ಲಿ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಿರುವುದು ಎಲ್ಲರಿಗೂ ತಿಳಿದದ್ದೇ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ವರ್ಷಗಟ್ಟಲೆ ಅದಕ್ಕಿಂತ ಹೆಚ್ಚು ಕುಡಿದವರ ಹಲ್ಲಿನ ಕಲೆಯನ್ನಷ್ಟೇ ನಾವು ನೋಡುತ್ತೇವೆ. ಬೆನ್ನೆಲುಬಿನ ಒಳಗೆ ಲಿಗಮೆಂಟ್‌ಗಳು ಮೂಳೆಯಾಗಿ ಗಟ್ಟಿಯಾಗುತ್ತ ನಾಳವನ್ನು ಕಿರಿದು ಮಾಡಿರುತ್ತವೆ. ಅಂಥವರಿಗೆ ಕಾಲು ಬಿಗಿದು ನಡೆಯುವುದು, ಕೈಯಲ್ಲಿ ಗುಂಡಿ ಹಾಕಿಕೊಳ್ಳಲು ಆಗದಿರುವುದು ಮೊದಲೇ ಶುರುವಾಗಿರುತ್ತದೆ. ಜಾಗವಿಲ್ಲದ ಆ ನಾಳದಲ್ಲಿ ಸಣ್ಣದೊಂದು ಬೀಳುವಿಕೆಯೂ ಬೆನ್ನುಹುರಿಗೆ ದೊಡ್ಡ ಪೆಟ್ಟು ಕೊಡುತ್ತದೆ. ಗಟ್ಟಿಯಾದ ಲಿಗಮೆಂಟ್ ಎಂಆರ್‌ಐ ಚಿತ್ರಗಳಲ್ಲಿ ಸಾಮಾನ್ಯವಾಗಿ ಕಪ್ಪಾಗಿಯೇ ಕಾಣುವುದರಿಂದ ಅದು ಮೂಳೆಯೇ ಎಂದು ತಿಳಿಯಲು ಸಿಟಿ ಬೇಕಾಗುತ್ತದೆ. ಆದ್ದರಿಂದ ಈ ತಾಲ್ಲೂಕುಗಳವರು ತಾವು ಎಲ್ಲಿಯವರು, ಯಾವ ನೀರು ಕುಡಿದು ಬೆಳೆದವರು ಎಂಬುದನ್ನು ವೈದ್ಯರು ಕೇಳದಿದ್ದರೂ ಹೇಳಬೇಕು. ಸೊಂಟದ ಸ್ಕ್ಯಾನ್ ಒಂದನ್ನೇ ಮಾಡಿ ಕಳಿಸಿದರೆ ಕುತ್ತಿಗೆಯಲ್ಲಿರುವ ಒತ್ತಡ ಗೊತ್ತೇ ಆಗುವುದಿಲ್ಲ.

ಕ್ಷಯದ ಮಾತೂ ಹಾಗೆಯೇ. ಹಾಲಿನ ಡೇರಿಗೆ ಹಾಲು ಹಾಕುವ ಹೆಂಗಸೊಬ್ಬರು ಕೊಟ್ಟಿಗೆಯಲ್ಲಿ ಜಾರಿದ ಮೇಲೆ ನೋವು ಶುರುವಾಯಿತೆಂದು ತಿಂಗಳುಗಟ್ಟಲೆ ಮುಲಾಮು ಹಚ್ಚಿಕೊಂಡಿದ್ದರು. ರಾತ್ರಿ ನೋವು ಹೆಚ್ಚು, ಸಂಜೆ ಜ್ವರ, ಸೀರೆ ಸಡಿಲವಾಗುವಷ್ಟು ತೂಕ ಇಳಿದಿತ್ತು. ಎಂಆರ್‌ಐನಲ್ಲಿ ಅಕ್ಕಪಕ್ಕದ ಎರಡು ಮೂಳೆ ಮತ್ತು ನಡುವಿನ ಡಿಸ್ಕ್ ಕೆಟ್ಟು ಪಕ್ಕದಲ್ಲಿ ಕೀವು ತುಂಬಿದ್ದು ಕಂಡಿತು. ವರದಿಯಲ್ಲಿ ಇನ್ಫೆಕ್ಟಿವ್ ಸ್ಪಾಂಡಿಲೋಡಿಸ್ಕೈಟಿಸ್ (ಬೆನ್ನುಮೂಳೆ ಮತ್ತು ಡಿಸ್ಕ್‌ನ ಸೋಂಕು) ಎಂದಿದ್ದರೆ ಅದು ಕ್ಷಯವಿರಬಹುದು, ಬೇರೆ ಸೋಂಕೂ ಇರಬಹುದು. ದನ ಕುರಿಗಳ ಕಸ ತೆಗೆಯುವವರಲ್ಲಿ, ಹಸಿ ಹಾಲು ಕುಡಿಯುವವರಲ್ಲಿ ಬ್ರೂಸೆಲ್ಲಾ ಸೋಂಕನ್ನೂ ರಕ್ತ ಪರೀಕ್ಷೆಯಿಂದ ನೋಡಬೇಕಾಗುತ್ತದೆ. ಕ್ಷಯದ ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ, ತಿಂಗಳುಗಟ್ಟಲೆ ಬಿಡದೆ ನುಂಗಬೇಕು.

ಎಲ್ಲ ಬೆನ್ನು ನೋವಿಗೂ ಎಂಆರ್‌ಐ ಬೇಡ ಎಂಬುದನ್ನೂ ಇದೇ ಉಸಿರಿನಲ್ಲಿ ಹೇಳಬೇಕಾಗಿದೆ. ಮೂಟೆ ಎತ್ತಿ ಸೊಂಟ ಉಳುಕಿದವರಲ್ಲಿ ಮೇಲೆ ಹೇಳಿದ ಅಪಾಯದ ಲಕ್ಷಣಗಳು ಇಲ್ಲದಿದ್ದರೆ ಮೊದಲ ಆರು ವಾರ ಸ್ಕ್ಯಾನ್ ಅಗತ್ಯವಿಲ್ಲವೆಂದೇ ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ಹೆಚ್ಚಿನವರಿಗೆ ಅಷ್ಟರಲ್ಲಿ ಗುಣ ಕಾಣುತ್ತದೆ. ನೋವು ಹೆಚ್ಚಿದಾಗಲೆಲ್ಲ ಹೊಸ ಸ್ಕ್ಯಾನ್ ಮಾಡಿಸಿ ಹಳೆಯದರ ಪಕ್ಕ ಇಟ್ಟು ಹೋಲಿಸಿಕೊಳ್ಳುವುದರಿಂದ ಹಣ ಹೋಗುತ್ತದೆಯೇ ಹೊರತು ನೋವಲ್ಲ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿದವರು, ತಲೆಯೊಳಗೆ ಕ್ಲಿಪ್ ಇರುವವರು, ವೆಲ್ಡಿಂಗ್ ಅಥವಾ ಲೇತ್ ಕೆಲಸದಲ್ಲಿ ಕಣ್ಣಿಗೆ ಕಬ್ಬಿಣದ ಚೂರು ಹೊಕ್ಕಿದ್ದವರು ಸ್ಕ್ಯಾನ್ ಕೋಣೆಗೆ ಹೋಗುವ ಮುಂಚೆ ಅದನ್ನು ಹೇಳಲೇಬೇಕು.

ಈಗ ನನ್ನ ಕೋರಿಕೆಗೆ ಬರುತ್ತೇನೆ. ವರದಿಯ ಜೊತೆಗೆ ಕನ್ನಡದಲ್ಲಿ ಒಂದು ಪುಟದ ವಿವರಣೆ ಕೊಡುವುದನ್ನು ಸರ್ಕಾರಿ ಆಸ್ಪತ್ರೆಗಳ ಸ್ಕ್ಯಾನಿಂಗ್ ಘಟಕಗಳಲ್ಲಾದರೂ ಕಡ್ಡಾಯ ಮಾಡಬೇಕು. ಅದರಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರವಿದ್ದರೆ ಸಾಕು: ಇತ್ತೀಚಿನ ಪೆಟ್ಟಿನಿಂದ ಆದದ್ದು ಏನಾದರೂ ಇದೆಯೇ, ಬೆನ್ನುಹುರಿ ಅಥವಾ ನರದ ಮೇಲೆ ಒತ್ತಡವಿದೆಯೇ, ವಯಸ್ಸಿಗೆ ತಕ್ಕ ಸವೆತ ಯಾವುದು. ಆದರೆ ಕಾಗದವೊಂದರಿಂದಲೇ ಎಲ್ಲ ಸರಿಹೋಗುತ್ತದೆಂದು ನಾನು ತಿಳಿದಿಲ್ಲ. ನೋವಿಲ್ಲದವರಲ್ಲೂ ಇಂಥ ಬದಲಾವಣೆ ಎಷ್ಟು ಸಾಮಾನ್ಯ ಎಂಬ ಅಂಕಿಗಳನ್ನು ವರದಿಯಲ್ಲೇ ಸೇರಿಸಿ ಅಮೆರಿಕದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ರೋಗಿಗಳ ಮೇಲೆ ಪ್ರಯೋಗ ಮಾಡಿ 2020ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಮುಂದಿನ ಸ್ಕ್ಯಾನ್, ಆಪರೇಷನ್‌ಗಳ ಒಟ್ಟು ಪ್ರಮಾಣ ಕಡಿಮೆಯಾಗಲಿಲ್ಲ. ನೋವಿನ ಅಮಲು ಮಾತ್ರೆಗಳ ಚೀಟಿ ಮಾತ್ರ ಸ್ವಲ್ಪ ತಗ್ಗಿತು. ಆ ಸಾಲುಗಳು ಮುಖ್ಯವಾಗಿ ವೈದ್ಯರಿಗಾಗಿ ಬರೆದವು. ನಮ್ಮ ಜನಕ್ಕೆ ಬೇಕಾದದ್ದು ಎದುರು ಕುಳಿತು ಹೇಳುವ ಒಬ್ಬ ಮನುಷ್ಯ.

ಅದಕ್ಕಾಗಿ ತಿಪಟೂರು, ಗುಬ್ಬಿ, ಶಿರಾ, ಪಾವಗಡದಂಥ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ಮಧ್ಯಾಹ್ನವನ್ನು ಬೆನ್ನುಮೂಳೆಯ ವರದಿ ನೋಡುವುದಕ್ಕೆಂದೇ ಮೀಸಲಿಡಬೇಕೆಂದು ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ವಿನಂತಿಸುತ್ತೇನೆ. ಮೂಳೆ ವೈದ್ಯರು ಬರಲಾಗದ ಕಡೆ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಒಬ್ಬರು ರೋಗಿಯನ್ನು ನಡೆಸಿ, ಬಾಗಿಸಿ, ಕಾಲಿನ ಬಲ ನೋಡಿ, ಅನುಮಾನ ಬಂದವರನ್ನು ಫೋನಿನ ಮೂಲಕ ಜಿಲ್ಲಾಸ್ಪತ್ರೆಯ ವೈದ್ಯರಿಗೆ ತೋರಿಸಬಹುದು. ಅಂಥ ದಿನ ಗೊತ್ತಾದರೆ ಅದನ್ನು ಹಾಲಿನ ಡೇರಿಯ ಗೋಡೆಯ ಮೇಲೆ, ಕೊಬ್ಬರಿ ಮಾರುಕಟ್ಟೆಯ ನೋಟಿಸ್ ಬೋರ್ಡಿನಲ್ಲಿ ಹಾಕಿಸುವ ಕೆಲಸವನ್ನು ನಮ್ಮಂಥ ನಿವೃತ್ತರು ಮಾಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಎಕ್ಸ್-ರೇ ತಂತ್ರಜ್ಞ,
ತಿಪಟೂರು, ತುಮಕೂರು ಜಿಲ್ಲೆ